ಡ್ರೋನೂ ಪುಷ್ಪಕವೂ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿರುವ ನಮ್ಮ ಮನೆಗೆ ಈಚೆಗೆ ಬಂದಿದ್ದ ಅಧ್ಯಾಪಕಮಿತ್ರರೊಬ್ಬರು, ರಘುವಂಶದ ಹದಿಮೂರನೆಯ ಸರ್ಗವನ್ನು ಪಾಠಹೇಳುವಾಗ ಡ್ರೋನಿನಿಂದ ತೆಗೆದ ಸಮುದ್ರತೀರದ ಚಲಚ್ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿದುದಾಗಿ ಹೇಳಿ, “ಪಂಡಿತರೆ, ಇನ್ನು ಕವಿಯ ವರ್ಣನೆಗೆ ವ್ಯಾಖ್ಯಾನವೇಕೆ?” ಎಂದು ಕೇಳಿದರು. ಈ ಪ್ರಶ್ನೆಯು ಉಪೇಕ್ಷಣೀಯವಲ್ಲ. ಆದುದರಿಂದ ಈ ಯಂತ್ರದ ಗುಣದೋಷಗಳನ್ನು ಸಾಹಿತ್ಯಾಭ್ಯಾಸಿಯ ದೃಷ್ಟಿಯಿಂದ ಇಲ್ಲಿ ಸಂಗ್ರಹವಾಗಿ ವಿಚಾರಮಾಡಲಾಗಿದೆ.

ನಿದರ್ಶನಕ್ಕಾಗಿ, ಅಮೆರಿಕದ ಫ್ರೀಫ್ಲೈ ಸಂಸ್ಥೆಯವರು 2019ರಲ್ಲಿ ಹೊರತಂದ ಆಲ್ಟಾ ಎಕ್ಸ್ ಎಂಬ ಡ್ರೋನನ್ನು ತೆಗೆದುಕೊಳ್ಳೋಣ. ನಾಲ್ಕು ಪ್ರೊಪೆಲ್ಲರುಗಳುಳ್ಳ ಈ ಯಂತ್ರವು ಸುಮಾರು 16 ಕಿಲೋಗ್ರಾಂ ಭಾರವನ್ನು ಹೊರಬಲ್ಲುದು. ಚಿಕ್ಕ ಡ್ರೋನುಗಳಲ್ಲಿ ಅನೇಕವು ತಮ್ಮೊಡನೆ ಹುಟ್ಟಿದ ಸಣ್ಣ ಕಣ್ಣಿನಿಂದಲೇ ನೋಡಬೇಕು. ಇದಾದರೋ ಚಲಚ್ಚಿತ್ರಕಾರರ ದೊಡ್ಡ ಕ್ಯಾಮರಾವನ್ನೂ ಭಾರವಾದ ಮಸೂರವನ್ನೂ ಎತ್ತಿಕೊಂಡು ಹೋಗುತ್ತದೆ. ಕ್ಯಾಮರಾವನ್ನು ಒಡಲಿನ ಕೆಳಗಷ್ಟೇ ಅಲ್ಲದೆ ಮೇಲೆಯೂ ಕಟ್ಟಬಹುದಾದುದರಿಂದ, ಗೋಪುರದ ತುದಿಯ ಶಿಲ್ಪವನ್ನೂ ಲೋವೆಯ ಕೆಳಮೈಯನ್ನೂ ಸ್ಫುಟವಾಗಿ ಚಿತ್ರಿಸಲು ಸಾಧ್ಯ. ಇದು ದೊಡ್ಡ ಗುಣ.

ದೋಷಗಳೂ ಅಲ್ಪವಲ್ಲ. ಹೊರೆ ಹೆಚ್ಚಿದಂತೆ ಹಾರಾಟದ ಕಾಲವು ಕುಗ್ಗುತ್ತದೆ. ತುಂಬುಹೊರೆಯೊಡನೆ ಒಟ್ಟು ತೂಕವು ಸುಮಾರು 35 ಕಿಲೋಗ್ರಾಂ ಆಗುವುದರಿಂದ, ಭಾರತದ 2021ರ ಡ್ರೋನ್ ನಿಯಮಗಳಂತೆ ಇದು 25ರಿಂದ 150 ಕಿಲೋಗ್ರಾಂವರೆಗಿನ ಮಧ್ಯಮವರ್ಗಕ್ಕೆ ಸೇರುತ್ತದೆ. ಇಷ್ಟು ಭಾರವನ್ನು ಸಂಪಿಗೆ ರಸ್ತೆಯಂತಹ ಜನಸಂದಣಿಯ ಮೇಲೆ ಹಾರಿಸುವುದು ಅವಿವೇಕವೇ ಸರಿ.

ಪುಷ್ಪಕವೇ ಇದರ ಪೂರ್ವರೂಪವೆಂದು ಹೇಳಿ, ವೈಮಾನಿಕಶಾಸ್ತ್ರವನ್ನು ಪ್ರಮಾಣವಾಗಿ ಒಡ್ಡುವವರೂ ಉಂಟು. ನಮ್ಮ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಆ ಗ್ರಂಥವನ್ನು ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ ಆದಿಭಾಗದ ರಚನೆಯೆಂದೂ, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವೆಂದೂ ತೋರಿಸಿಕೊಟ್ಟಿದ್ದಾರೆ. ಸಂಸ್ಕೃತಾಭಿಮಾನಿಗಳಾದ ನಾವೇ ಇದನ್ನು ಮೊದಲು ಒಪ್ಪಬೇಕು. ಕಾಳಿದಾಸನ ಹಿರಿಮೆಗೆ ಸುಳ್ಳುಸಾಕ್ಷಿ ಬೇಕಿಲ್ಲ. ವಿಮಾನವನ್ನೇರದೆಯೇ ಆಕಾಶದಿಂದ ಕಂಡುದು ಆತನ ಪ್ರತಿಭೆ.

ಪುಷ್ಪಕವು ದಡವನ್ನು ದಾಟಿ ಮುಂಬರಿದಂತೆ ಕಡಲು ಹಿಂದಾಗಿ, ನೆಲವು ಅದರೊಳಗಿಂದ ಮೂಡಿಬರುತ್ತಿರುವಂತೆ ತೋರುವ ಪ್ರಸಂಗವೊಂದು ಆ ಸರ್ಗದಲ್ಲಿದೆ. ಮಿತ್ರರು ತೋರಿಸಿದ ಚಿತ್ರವನ್ನು ನೋಡಿದಾಗ ಆ ಮಾತಿನ ಯಥಾರ್ಥತೆಯು ನನಗೂ ಹೊಸದಾಗಿ ಮನದಟ್ಟಾಯಿತು. ಮೂವತ್ತು ವರ್ಷ ಪಾಠಹೇಳಿದ ಮೇಲೆ ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಇಷ್ಟರಮಟ್ಟಿಗೆ ಅವರ ಪಕ್ಷವು ಗ್ರಾಹ್ಯ.

ಆದರೆ ಮುಂದೆ ರಾಮನು, ಅರಸುತ್ತ ಬಂದ ತನಗೆ ಸೀತೆಯ ಕಾಲಂದುಗೆಯು ದೊರೆತ ಎಡೆಯನ್ನು ಆಕೆಗೆ ತೋರಿಸುತ್ತಾನೆ. ಮಾಲ್ಯವತ್ಪರ್ವತದಲ್ಲಿ ಮಳೆಯೊಡನೆ ತನ್ನ ಕಣ್ಣೀರೂ ಸುರಿದುದನ್ನು ನೆನೆಯುತ್ತಾನೆ. ಅಂದುಗೆಯು ಈಗ ಅಲ್ಲಿಲ್ಲ, ಕಣ್ಣೀರು ಆರಿಹೋಗಿದೆ. ಎಷ್ಟು ಭಾರದ ಮಸೂರವನ್ನು ಮೇಲೆತ್ತಿದರೂ ಅವು ಚಿತ್ರಕ್ಕೆ ಸಿಕ್ಕುವುವಲ್ಲ. ಕಂಡ ನೆಲಕ್ಕೂ ಕಂಡವನಿಗೂ ಇರುವ ಸಂಬಂಧವೇ ಅಲ್ಲಿ ರಸಕ್ಕೆ ಮೂಲವಾಗಿದೆ. ಅದನ್ನು ತಿಳಿಸಿಕೊಡುವುದೇ ವ್ಯಾಖ್ಯಾನದ ಕೆಲಸ.

ಆದಕಾರಣ, ಮೊದಲು ಶ್ಲೋಕ, ಅನಂತರ ಚಿತ್ರ, ಮರಳಿ ಶ್ಲೋಕ ಎಂಬ ಕ್ರಮವನ್ನು ಅಧ್ಯಾಪಕಮಹಾಶಯರು ಅನುಸರಿಸಬೇಕೆಂದು ವಿಜ್ಞಾಪಿಸುತ್ತೇನೆ. ಯಂತ್ರವು ದೃಷ್ಟಾಂತವಾಗಿ ನಿಲ್ಲಲಿ. ವ್ಯಾಖ್ಯಾತೃವಿನ ಪೀಠವನ್ನು ಅದಕ್ಕೆ ಬಿಟ್ಟುಕೊಡುವುದು ಯುಕ್ತವಲ್ಲ.