ಹೆಸರು ಗೊತ್ತು, ಬಳಕೆ ಗೊತ್ತಿಲ್ಲ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?’ ಅಂತ ಒಂದು ಪಾಠವಿದೆ. ಬಸವಕಲ್ಯಾಣ, ಹುಮನಾಬಾದ್ ಕಡೆಯ ಎಷ್ಟೋ ಮಕ್ಕಳಿಗೆ ಗರ್ಭನಿರೋಧಕದ ಬಗ್ಗೆ ಅಚ್ಚಿನಲ್ಲಿ ಸಿಗುವ ಮೊದಲ ಮಾತು ಇದೇ. ಪರೀಕ್ಷೆ ಪಕ್ಕಕ್ಕಿಟ್ಟು ಇದನ್ನೊಂದು ಬರಹವಾಗಿ ಓದಿ ನೋಡೋಣ.

ಒಳ್ಳೆಯದನ್ನ ಮೊದಲು ಹೇಳಬೇಕು. ಎನ್‌ಸಿಇಆರ್‌ಟಿಯಿಂದ ಬಂದ ಈ ಪಾಠ ಮುಚ್ಚುಮರೆ ಮಾಡೋದಿಲ್ಲ. ಕಾಂಡೋಮ್, ಮಾತ್ರೆ, ಕಾಪರ್-ಟಿ, ಶಸ್ತ್ರಚಿಕಿತ್ಸೆ ಎಲ್ಲದರ ಹೆಸರೂ ಇದೆ. ಗೆಳೆಯರಿಂದ, ಮನೆಯವರಿಂದ ಒತ್ತಡ ಬರಬಹುದು ಅನ್ನೋ ಮಾತೂ ಇದೆ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವೇ ಬೇಡ ಅಂದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ಅಲ್ಲಿಂದ ಇಲ್ಲಿಗೆ ಬಂದದ್ದು ಸಣ್ಣ ಮಾತಲ್ಲ.

ಆದರೆ ಪಾಠದಲ್ಲಿ ಮಾತ್ರೆ ನುಂಗೋ ಮನುಷ್ಯರೇ ಇಲ್ಲ. ಮಾತ್ರೆ ಹಾರ್ಮೋನಿನ ಸಮತೋಲನ ಬದಲಿಸುತ್ತದೆ, ಅಡ್ಡಪರಿಣಾಮ ಇರಬಹುದು, ಅಷ್ಟೇ. ಯಾವ ಮಾತ್ರೆ, ಎಷ್ಟು ದಿನ, ಯಾರನ್ನ ಕೇಳಬೇಕು? ಮಾಲಾ-ಎನ್ ದಿನಾ ತಗೋಬೇಕು. ತುರ್ತು ಮಾತ್ರೆ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೇದು; ಈಗಾಗಲೇ ನಿಂತ ಗರ್ಭವನ್ನ ಅದು ತೆಗೆಯೋದಿಲ್ಲ. ಯಾವ ಮಾತ್ರೆಯೂ ಲೈಂಗಿಕ ರೋಗ ತಡೆಯೋದಿಲ್ಲ, ಅದಕ್ಕೆ ಕಾಂಡೋಮೇ ಬೇಕು. ಇಷ್ಟು ಗೊತ್ತಿಲ್ಲದ ಹುಡುಗಿ ‘ಕಾಪರ್-ಟಿ’ ಅಂತ ಬರೆದು ಒಂದು ಅಂಕ ತಗೋಬಹುದು. ಮುಟ್ಟು ತಪ್ಪಿ ಭಯ ಬಿದ್ದ ದಿನ ಆ ಅಂಕ ಕೈ ಹಿಡಿಯೋದಿಲ್ಲ.

ಕೇಳೋಕೆ ಜಾಗವಾದರೂ ಎಲ್ಲಿದೆ? ಸಣ್ಣ ಊರಲ್ಲಿ ಮೆಡಿಕಲ್ ಅಂಗಡಿಯಾತ ಕಾಕಾನೋ ಮಾಮಾನೋ ಆಗಿರ್ತಾನೆ. ‘ಯಾರಿಗ್ ಬೇಕವ್ವಾ?’ ಅಂದ್ರೆ ಮುಗೀತು. ಆಶಾ ಕಾರ್ಯಕರ್ತೆಯ ಚೀಲದಲ್ಲಿ ನಿರೋಧ್, ಮಾತ್ರೆ ಇರುತ್ತೆ. ಅದು ತಲುಪೋದು ಮದುವೆಯಾದವರ ಮನೆಗೆ. 10ರಿಂದ 19 ವರ್ಷದವರಿಗಾಗಿ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಅದರಡಿಯ ಸ್ನೇಹ ಕ್ಲಿನಿಕ್‌ಗಳು ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿವೆ. ಪಾಠದ ಕೊನೆಗೆ ಆ ಹೆಸರಿನ ಒಂದು ಸಾಲು ಸೇರಿಸಬೇಕು.

ಪೋಕ್ಸೋ ಭಯ ಬೇರೆ. 18ರ ಒಳಗಿನವರಾದರೆ ವೈದ್ಯರು ಪೊಲೀಸರಿಗೆ ತಿಳಿಸಬೇಕು ಅನ್ನೋದು ಗೊತ್ತಾದ ಮನೆಯವರು ಆಸ್ಪತ್ರೆ ಬಿಟ್ಟು ಕಳ್ಳದಾರಿ ಹುಡುಕ್ತಾರೆ. ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ಆ ವರದಿಯಲ್ಲಿ ಅವಳ ಹೆಸರು ಬಯಲು ಮಾಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಇದು ಜೀವ ಉಳಿಸೋ ಮಾಹಿತಿ. ಹಳ್ಳಿಗೆ ಇದನ್ನ ಮುಟ್ಟಿಸೋರು ಯಾರು?

ಅಲ್ಲಮಪ್ರಭುವಿನ ಪ್ರಶ್ನೆಗೆ ಅಕ್ಕಮಹಾದೇವಿ ತುಂಬಿದ ಸಭೆಯಲ್ಲಿ, ತನ್ನ ದೇಹದ ಬಗ್ಗೆಯೇ, ನಾಚದೆ ಉತ್ತರ ಕೊಟ್ಟದ್ದು ಇದೇ ಕಲ್ಯಾಣದಲ್ಲಿ ಅಂತ ಮಕ್ಕಳಿಗೆ ಹೆಮ್ಮೆಯಿಂದ ಹೇಳ್ತೀವಿ. ಮುಂದಿನ ಪಿರಿಯಡ್ಡಿನಲ್ಲಿ ವಿಜ್ಞಾನದ ಮೇಷ್ಟ್ರು ‘ಈ ಪಾಠ ಮನ್ಯಾಗ ಓದ್ಕೋರಿ’ ಅಂದ್ರೆ, ಪುಸ್ತಕವನ್ನ ಎಷ್ಟು ತಿದ್ದಿದರೂ ಅಷ್ಟೇ. ಮನ್ಯಾಗ ಅದನ್ನ ಬಿಡಿಸಿ ಹೇಳೋರು ಯಾರೂ ಇಲ್ಲ ಅಂತಲೇ ಅಲ್ವಾ ಪುಸ್ತಕದಲ್ಲಿ ಹಾಕಿದ್ದು?