ಬೆರಿಟಳ ಪೆಟ್ಟಿಗೆ

ಅಮೆರಿಕದ ಸಾಹಿತ್ಯ ಚರಿತ್ರೆಗಳು ತಮ್ಮದೆಂದು ಹೇಳಿಕೊಳ್ಳುವ ಒಂದು ದೊಡ್ಡ ಕಾದಂಬರಿ ಹುಟ್ಟಿದ್ದು ಇಂಗ್ಲಿಷಿನಲ್ಲಲ್ಲ. ಮಿನೆಸೋಟಾದಲ್ಲಿ ನೆಲೆಸಿದ್ದ ಓ. ಇ. ರೋಲ್ವಾಗ್ ಅದನ್ನು ತನ್ನ ತಾಯಿನುಡಿಯಾದ ನಾರ್ವೇಜಿಯನ್ನಿನಲ್ಲಿ ಬರೆದ. 1924 ಮತ್ತು 1925ರಲ್ಲಿ ಎರಡು ಸಂಪುಟಗಳಾಗಿ ಅದು ನಾರ್ವೆಯಲ್ಲಿ ಅಚ್ಚಾಯಿತು. ಲಿಂಕನ್ ಕೋಲ್ಕಾರ್ಡ್ ಎಂಬ ಲೇಖಕನ ಜೊತೆ ಕುಳಿತು ರೋಲ್ವಾಗನೇ ಸಿದ್ಧಪಡಿಸಿದ ಇಂಗ್ಲಿಷ್ ರೂಪ 'ಜಯಂಟ್ಸ್ ಇನ್ ದಿ ಅರ್ತ್' 1927ರಲ್ಲಿ ಹೊರಬಂತು. ನಾನು ಓದಿದ್ದು ಈ ಇಂಗ್ಲಿಷ್ ರೂಪವನ್ನು. ಇದರಿಂದ ಆಗುವ ನಷ್ಟದ ಮಾತನ್ನು ಮುಂದೆ ಎತ್ತುತ್ತೇನೆ.

ರೋಲ್ವಾಗ್ 1876ರಲ್ಲಿ ನಾರ್ವೆಯ ಡೊನ್ನಾ ದ್ವೀಪದ ಬೆಸ್ತರ ಮನೆಯಲ್ಲಿ ಹುಟ್ಟಿದವನು. ಇಪ್ಪತ್ತರ ವಯಸ್ಸಿನಲ್ಲಿ, 1896ರಲ್ಲಿ, ದಕ್ಷಿಣ ಡಕೋಟಾದ ಹೊಲದಲ್ಲಿ ಕೂಲಿಯಾಗಿ ದುಡಿಯಲು ಹೋದ. ಮುಂದೆ ಓದಿ ಸೇಂಟ್ ಓಲಾಫ್ ಕಾಲೇಜಿನಲ್ಲಿ ನಾರ್ವೇಜಿಯನ್ ಅಧ್ಯಾಪಕನಾಗಿ, 1931ರಲ್ಲಿ ತೀರಿಕೊಳ್ಳುವ ತನಕ ಆ ಭಾಷೆಯ ಉಳಿವಿಗಾಗಿ ಬಡಿದಾಡಿದ. ಕಾದಂಬರಿಯ ಮೊದಲ ವಲಸಿಗರ ಅನುಭವಗಳಲ್ಲಿ ಬಹಳಷ್ಟನ್ನು ಅವನು ಕೇಳಿದ್ದು ತನ್ನ ಹೆಂಡತಿಯ ತಂದೆಯ ಬಾಯಿಂದ.

ಕಥೆ ಆರಂಭವಾಗುವುದು 1873ರ ಬೇಸಗೆಯಲ್ಲಿ. ಪೆರ್ ಹಾನ್ಸಾ, ಅವನ ಹೆಂಡತಿ ಬೆರಿಟ್, ಮೂವರು ಮಕ್ಕಳು, ಹೊಟ್ಟೆಯಲ್ಲಿ ಇನ್ನೊಂದು. ಎತ್ತಿನ ಗಾಡಿ ಕಟ್ಟಿಕೊಂಡು ಡಕೋಟಾದ ಹುಲ್ಲುಗಾವಲಿನಲ್ಲಿ ಜೊತೆಯವರ ಜಾಡು ಹುಡುಕುತ್ತಿದ್ದಾರೆ. 1862ರ ಕಾನೂನಿನಂತೆ ಐದು ವರ್ಷ ನಿಂತು ಬೇಸಾಯ ಮಾಡಿದವನಿಗೆ 160 ಎಕರೆ ನೆಲ. ಕಣ್ಣು ಹಾಯುವಷ್ಟು ದೂರ ಮರವಿಲ್ಲ. ಹುಲ್ಲಿನ ಬೇರು ಸಮೇತ ಮಣ್ಣಿನ ಹೆಂಟೆ ಕಡಿದು ಪೇರಿಸಿ ಮನೆ ಕಟ್ಟಬೇಕು. ಪೆರ್ ಹಾನ್ಸಾ ಮನೆಯನ್ನೂ ಹಟ್ಟಿಯನ್ನೂ ಒಂದೇ ಮಾಡಿನ ಅಡಿಗೆ ತರುತ್ತಾನೆ, ಒಳಗೋಡೆಗೆ ಸುಣ್ಣ ಬಳಿಯುತ್ತಾನೆ, ಬಲೆ ಹೆಣೆದು ಬಾತುಕೋಳಿ ಹಿಡಿಯುತ್ತಾನೆ. ಬೆಸ್ತನ ಕೈಚಳಕ ರೈತನ ಕೆಲಸಕ್ಕೆ ಬರುವ ಈ ಪುಟಗಳಲ್ಲಿ ಒಂದು ಬಗೆಯ ಹುರುಪಿದೆ, ಓದುವವನಿಗೂ ಅದು ಅಂಟಿಕೊಳ್ಳುತ್ತದೆ.

ಹೀಗಾಗಿಯೇ ಪೆರ್ ಹಾನ್ಸಾನನ್ನು ವೀರನೆಂದೂ, ಬಯಲಿನ ಭಯಕ್ಕೆ ಬುದ್ಧಿ ಕದಡಿದ ಬೆರಿಟಳನ್ನು ಅವನ ಕಾಲಿಗೆ ಕಟ್ಟಿದ ಕಲ್ಲೆಂದೂ ಕಾಣುವ ಓದು ಸುಲಭವಾಗಿ ಬೇರೂರಿದೆ. ನನಗೆ ಈ ಓದು ಒಪ್ಪಿಗೆಯಿಲ್ಲ. ಎರಡು ಪ್ರಸಂಗಗಳನ್ನು ನೋಡಿ.

ನೆರೆಯವರ ನೆಲದಲ್ಲಿ ಬೇರೆ ಯಾರೋ ನೆಟ್ಟ ಗಡಿಗೂಟಗಳು ಪೆರ್ ಹಾನ್ಸಾನ ಕಣ್ಣಿಗೆ ಬೀಳುತ್ತವೆ. ಯಾರಿಗೂ ಹೇಳದೆ ಕಿತ್ತು ತಂದು ಸುಡುತ್ತಾನೆ. ಆಮೇಲೆ ಬಂದ ಐರಿಶ್ ವಲಸಿಗರ ಹತ್ತಿರ ಕಾಗದಪತ್ರ ಇರಲಿಲ್ಲವೆಂದು ತಿಳಿದು ಊರವರೆಲ್ಲ ಅವನ ಜಾಣತನ ಹೊಗಳುತ್ತಾರೆ. ಬೆರಿಟ್ ಮಾತ್ರ ನಡುಗುತ್ತಾಳೆ. ಅವಳು ಬೆಳೆದ ನಾಡಿನಲ್ಲಿ ಗಡಿ ಗುರುತು ಕೀಳುವುದು ಮಹಾಪಾಪ. ಕಿತ್ತಾಗ ಹಕ್ಕು ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ಅವಳ ಪ್ರಶ್ನೆ ಅಷ್ಟೇ. ಇಡೀ ಊರಿನಲ್ಲಿ ಬುದ್ಧಿ ನೆಟ್ಟಗಿದ್ದವಳು ಆ ಹೊತ್ತಿನಲ್ಲಿ ಅವಳೊಬ್ಬಳೇ ಎಂದು ನಾನು ಹೇಳುತ್ತೇನೆ.

ಇನ್ನೊಂದು ಹೆಸರಿನ ವಿಷಯ. ತಂದೆಯ ಹೆಸರನ್ನು ಮಗನ ಹೆಸರಿಗೆ ಸೇರಿಸಿ ಕರೆಯುವ ಪದ್ಧತಿ ಇವರದು. ಸರಕಾರದ ದಾಖಲೆಗೆ ಅದು ಸಾಲದಾಗಿ ಗಂಡಸರು ಹೊಸ ಮನೆತನದ ಹೆಸರು ಆರಿಸಿಕೊಳ್ಳುತ್ತಾರೆ. ಪೆರ್ ಹಾನ್ಸಾನ ಕುಟುಂಬ 'ಹೋಲ್ಮ್' ಆಗುತ್ತದೆ. ಗಂಡಸರಿಗೆ ಇದೊಂದು ಆಟ. ಹೆಸರನ್ನೇ ಕಳಚಿ ಎಸೆಯಬಲ್ಲವರು ನಾಳೆ ಇನ್ನೇನನ್ನು ಇಟ್ಟುಕೊಂಡಾರು ಎಂಬ ಅಳುಕು ಬೆರಿಟಳದು. ಮಂಜೇಶ್ವರವು ಬೋರ್ಡಿನಲ್ಲಿ ಮಂಜೇಶ್ವರಂ ಆದುದನ್ನು ಕಂಡ ನಮಗೆ ಈ ಅಳುಕನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಕಾದಂಬರಿಯ ಎದೆಬಡಿತ ಕೇಳಿಸುವುದು ಮಿಡತೆಗಳ ಅಧ್ಯಾಯದಲ್ಲಿ. 1870ರ ದಶಕದಲ್ಲಿ ರಾಕಿ ಪರ್ವತದ ಮಿಡತೆಗಳು ಆ ಬಯಲನ್ನು ವರ್ಷದ ಮೇಲೆ ವರ್ಷ ನುಂಗಿದ್ದು ಚರಿತ್ರೆ. ಆಕಾಶ ಕಪ್ಪಿಡುವಷ್ಟಿದ್ದ ಆ ಜಾತಿಯನ್ನು ಜೀವಂತವಾಗಿ ಕಡೆಯ ಬಾರಿ ಕಂಡುದು 1902ರಲ್ಲಿ. ಅದೇ ಒಂದು ವಿಸ್ಮಯ. ಗೋಧಿ ಕೊಯ್ಯುವ ಹೊತ್ತಿಗೆ ಅವು ಇಳಿಯುತ್ತವೆ. ಪೆರ್ ಹಾನ್ಸಾ ಹಳೆಯ ಕೋವಿಯಿಂದ ಮಿಡತೆಯ ಮೋಡಕ್ಕೇ ಗುಂಡು ಹಾರಿಸುತ್ತಾನೆ. ಸಂಜೆ ಮನೆಗೆ ಬಂದರೆ ಬಾಗಿಲು ತೆರೆಯದು. ತಲೆಮಾರುಗಳಿಂದ ಬಂದ, ಕಡಲು ದಾಟಿಸಿ ತಂದ ಮರದ ದೊಡ್ಡ ಪೆಟ್ಟಿಗೆಯನ್ನು ಒಳಗಿನಿಂದ ಬಾಗಿಲಿಗೆ ಒತ್ತಿ ಇಡಲಾಗಿದೆ. ಬೆರಿಟ್ ಎರಡು ಮಕ್ಕಳನ್ನು ಅವುಚಿಕೊಂಡು ಅದರೊಳಗೆ ಕುಳಿತಿದ್ದಾಳೆ. ತಾನು ಸತ್ತರೆ ಈ ಪೆಟ್ಟಿಗೆಯಲ್ಲೇ ಹೂಳಬೇಕೆಂದು ಹಿಂದೆ ಬಯಸಿದವಳು ಅವಳು. ಮುಂದೆ ಊರೂರು ತಿರುಗುವ ಪಾದ್ರಿಯೊಬ್ಬ ಅದೇ ಪೆಟ್ಟಿಗೆಯನ್ನು ಬಲಿಪೀಠ ಮಾಡಿ ಪೂಜೆ ನಡೆಸುತ್ತಾನೆ. ಅವಳ ಮನಸ್ಸು ತಿಳಿಯಾಗತೊಡಗುವುದು ಆ ಬಳಿಕ. ತಾನು ತಂದುದಕ್ಕೆ ಈ ನೆಲದಲ್ಲಿ ಒಂದು ಜಾಗ ಸಿಕ್ಕಿದಾಗ ಅವಳಿಗೂ ಜಾಗ ಸಿಕ್ಕಿತು ಎಂದು ನಾನು ಓದಿಕೊಂಡೆ.

ಕೊನೆಯ ಬಗ್ಗೆ ನನಗೆ ತಕರಾರಿದೆ. 1880-81ರ ಘೋರ ಚಳಿಗಾಲದಲ್ಲಿ ಗೆಳೆಯ ಹಾನ್ಸ್ ಓಲ್ಸಾ ಸಾಯಲು ಬಿದ್ದಿದ್ದಾನೆ. ಪಾದ್ರಿಯನ್ನು ತರಬೇಕೆಂದು ಬೆರಿಟ್ ಹಟ ಹಿಡಿಯುತ್ತಾಳೆ, ಪೆರ್ ಹಾನ್ಸಾ ಹಿಮಗಾಳಿಗೆ ಹೊರಡುತ್ತಾನೆ. ಮೇ ತಿಂಗಳಲ್ಲಿ ಹುಲ್ಲುಬಣವೆಗೆ ಒರಗಿ, ಮುಖ ಪಡುವಣಕ್ಕೆ ಮಾಡಿ ಕುಳಿತ ಅವನ ಹೆಣ ಸಿಗುತ್ತದೆ. ಚಿತ್ರ ಮರೆಯುವಂಥದ್ದಲ್ಲ. ಆದರೆ ಆ ಸಾವಿನ ಭಾರವನ್ನು ಲೇಖಕ ಹೆಂಡತಿಯ ಹೆಗಲಿಗೆ ಹೊರಿಸಿದ್ದು ತುಸು ಹೆಚ್ಚಾಯಿತು. ಎರಡನೆಯ ಕಾದಂಬರಿ 'ಪೆಡರ್ ವಿಕ್ಟೋರಿಯಸ್'ನಲ್ಲಿ ಅದೇ ಬೆರಿಟ್ ಒಬ್ಬಳೇ ನಿಂತು ಬೇಸಾಯವನ್ನು ಗಂಡನಿಗಿಂತ ಮೇಲಾಗಿ ನಡೆಸುತ್ತಾಳೆ ಎಂಬುದನ್ನು, ಅವಳನ್ನು ಬರಿ ಹುಚ್ಚಿ ಎಂದವರು ಓದಿದಂತಿಲ್ಲ.

ಇನ್ನೂ ದೊಡ್ಡ ಕೊರತೆಯೊಂದಿದೆ. ಗುಡ್ಡದ ಮೇಲೆ ಇಂಡಿಯನ್ನನ ಗೋರಿಯೊಂದು, ಕೈ ನಂಜೇರಿದವನಿಗೆ ಪೆರ್ ಹಾನ್ಸಾ ಮಾಡುವ ಆರೈಕೆ, ಅದಕ್ಕೆ ಬದಲು ಸಿಕ್ಕಿದ ಕುದುರೆ. ಆ ನೆಲದ ಹಳಬರು ಈ ಪುಸ್ತಕದಲ್ಲಿ ಇರುವುದು ಹೆಚ್ಚುಕಡಮೆ ಇಷ್ಟೇ. ಬಿಗ್ ಸೂ ಮತ್ತು ಮಿಸೂರಿ ನದಿಗಳ ನಡುವಿನ ನೆಲವನ್ನು ಯಾಂಕ್ಟನ್ ಜನರು 1858ರ ಒಪ್ಪಂದದಲ್ಲಿ ಬಿಟ್ಟುಕೊಡಬೇಕಾಯಿತು. ಗಡಿಗೂಟದ ಬಗ್ಗೆ ಅಷ್ಟು ನೊಂದ ಬೆರಿಟಳಿಗೂ ಈ ಗಡಿಯ ಯೋಚನೆ ಬರುವುದಿಲ್ಲ. 1956ರಲ್ಲಿ ಇದ್ದಲ್ಲೇ ಇದ್ದು ಬೇರೆ ರಾಜ್ಯದವರಾದ ನಾವು ಅವಳಲ್ಲಿ ನಮ್ಮನ್ನು ಕಾಣಲು ಹೊರಡುವ ಮೊದಲು ಇದನ್ನು ನೆನೆಯಬೇಕು. ನಾವು ವಲಸೆ ಬಂದವರಲ್ಲ.

ಹಾಗಿದ್ದರೆ ಈ ಕಥೆಯಲ್ಲಿ ನಮ್ಮನ್ನು ಮುಟ್ಟುವುದೇನು? ಅದೇ ಚಳಿಗಾಲವನ್ನು ಕುರಿತು ಲಾರಾ ಇಂಗಲ್ಸ್ ವೈಲ್ಡರ್ ಬರೆದ 'ದಿ ಲಾಂಗ್ ವಿಂಟರ್' (1940) ನಮ್ಮ ಮಕ್ಕಳ ಕೈಗೂ ಬರುವ ಪುಸ್ತಕ. ಅಲ್ಲಿ ಹಿಮ ಕರಗಿ ರೈಲು ಬಂದೊಡನೆ ಸಂಕಟ ತೀರುತ್ತದೆ. ಆ ಕುಟುಂಬದ ಮಾತು ಇಂಗ್ಲಿಷ್, ನಾಡಿನದೂ ಅದೇ. ಎಸ್. ಕೆ. ಪೊಟ್ಟೆಕ್ಕಾಟ್ಟರ 'ವಿಷಕನ್ಯಕ'ದಲ್ಲಿ (1948) ತಿರುವಿದಾಂಕೂರಿನಿಂದ ಮಲಬಾರಿಗೆ ಬಂದ ರೈತರನ್ನು ಮಣ್ಣೇ ಕೊಲ್ಲುತ್ತದೆ. ಆದರೂ ಅವರ ಮಕ್ಕಳಿಗೆ ಮಾತು ಬದಲಿಸುವ ಪಾಡಿಲ್ಲ. ರೋಲ್ವಾಗನ ಜನಕ್ಕೆ ಮಿಡತೆ ಹೋದ ಮೇಲೆ, ಕಣಜ ತುಂಬಿದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಕಿರಿಯ ಮಗ ಪೆಡರನ ಮನಸ್ಸಿನಲ್ಲಿ ಇಂಗ್ಲಿಷಿಗೊಂದು ಕೋಣೆ, ನಾರ್ವೇಜಿಯನ್ನಿಗೊಂದು ಕೋಣೆ, ದೇವರಿಗೆ ಮತ್ತೊಂದು. ದೊಡ್ಡವನಾಗಿ ಅವನು ಐರಿಶ್ ಕ್ಯಾಥೋಲಿಕ್ ಹುಡುಗಿಯನ್ನು ಮದುವೆಯಾಗುತ್ತಾನೆ. ಮೂರನೆಯ ಕಾದಂಬರಿಯಲ್ಲಿ ಅವರ ಕೂಸಿಗೆ ಅಜ್ಜಿ ಗುಟ್ಟಾಗಿ ಒಮ್ಮೆ, ತಾಯಿ ಗುಟ್ಟಾಗಿ ಇನ್ನೊಮ್ಮೆ ಜ್ಞಾನಸ್ನಾನ ಮಾಡಿಸುತ್ತಾರೆ.

ಮೊದಲು ಹೇಳಿದ ನಷ್ಟ ಇಲ್ಲಿದೆ. ಇಂಗ್ಲಿಷ್ ರೂಪದಲ್ಲಿ ಬೆರಿಟ್ ಮಗನೊಡನೆ ಆಡುವುದೂ ಇಂಗ್ಲಿಷ್, ಅವನು ಶಾಲೆಯಲ್ಲಿ ಆಡುವುದೂ ಇಂಗ್ಲಿಷ್. ಎರಡು ಕೋಣೆಗಳ ನಡುವಿನ ಗೋಡೆ ಪುಟದ ಮೇಲೆ ಕಾಣುವುದೇ ಇಲ್ಲ. ಮಾತು ಬದಲಾಯಿತೆಂದು ಲೇಖಕ ಬಾಯಿಬಿಟ್ಟು ಹೇಳಿದರಷ್ಟೇ ಗೊತ್ತಾಗುತ್ತದೆ. ಎರಡು ಭಾಷೆಗಳಲ್ಲಿ ಹೊರಡುವ ನಮ್ಮ ಈ ವಾರ್ಷಿಕದ ಅನುವಾದಕರಿಗೂ ಇದೇ ತೊಡಕು. ಅಮ್ಮ ಕನ್ನಡದಲ್ಲಿ ಕೇಳಿ ಮಗು ಮಲಯಾಳದಲ್ಲಿ ಉತ್ತರಿಸುವ ಕಥೆಯನ್ನು ಪೂರ್ತಿ ಮಲಯಾಳಕ್ಕೆ ತಂದರೆ ಕಥೆಯಲ್ಲಿ ಏನು ಉಳಿಯಿತು? ಅಮ್ಮನ ಮಾತನ್ನಾದರೂ ಮಲಯಾಳ ಲಿಪಿಯಲ್ಲಿ ಕನ್ನಡವಾಗಿಯೇ ಬಿಡುವುದು ಒಂದು ದಾರಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರ ಕಥೆಗಳಿಗೆ ಅದೂ ಸಾಲದು. ಕೋಲ್ಕಾರ್ಡನ ಪಕ್ಕದಲ್ಲಿ ಮೂಲ ಲೇಖಕನೇ ಕುಳಿತಿದ್ದ, ಆದರೂ ಈ ಗೋಡೆ ಉಳಿಯಲಿಲ್ಲ.