ಬರವನ್ನು ಬಯಸುವವರು ಯಾರು?

2023ರ ಡಿಸೆಂಬರ್ ತಿಂಗಳಿನಲ್ಲಿ, ಸಕ್ಕರೆ ಹಾಗೂ ಕೃಷಿ ಮಾರುಕಟ್ಟೆ ಖಾತೆಗಳನ್ನು ಹೊಂದಿದ್ದ ಸಚಿವರೂ ಬಸವನ ಬಾಗೇವಾಡಿ ಕ್ಷೇತ್ರದ ಶಾಸಕರೂ ಆಗಿದ್ದ ಶ್ರೀ ಶಿವಾನಂದ ಪಾಟೀಲರು ಬೆಳಗಾವಿ ಜಿಲ್ಲೆಯ ಸುಟ್ಟಟ್ಟಿ ಗ್ರಾಮದಲ್ಲಿ ಒಂದು ಮಾತನ್ನಾಡಿದರು. ಸಾಲ ಮನ್ನಾ ಆಗುವುದೆಂಬ ಆಶೆಯಿಂದ ರೈತರು ಮೇಲಿಂದ ಮೇಲೆ ಬರಗಾಲ ಬರಲೆಂದು ಬಯಸುತ್ತಾರೆ, ಹಾಗೆ ಬಯಸಬಾರದು ಎಂಬುದು ಆ ಮಾತಿನ ಸಾರಾಂಶ. ಕೃಷ್ಣೆಯ ನೀರು ಪುಕ್ಕಟೆ, ವಿದ್ಯುತ್ತು ಪುಕ್ಕಟೆ ಎಂದೂ ಅವರು ಅದಕ್ಕೆ ಸೇರಿಸಿದರು. ಅದಕ್ಕೆ ಮೂರು ತಿಂಗಳು ಮೊದಲು, ಸೆಪ್ಟೆಂಬರಿನಲ್ಲಿ, ಹಾವೇರಿಯಲ್ಲಿ ಮಾತನಾಡುವಾಗ, ಆತ್ಮಹತ್ಯೆ ಮಾಡಿಕೊಂಡ ರೈತರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 2015ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಿದ ಮೇಲೆಯೇ ಅಂತಹ ಪ್ರಕರಣಗಳ ವರದಿ ಹೆಚ್ಚಾಯಿತು ಎಂಬರ್ಥದ ಮಾತನ್ನೂ ಆಡಿದ್ದರು.

ಎರಡೂ ಮಾತುಗಳಿಗೆ ನಾಡಿನಲ್ಲೆಲ್ಲ ಖಂಡನೆ ಬಂದಿತು. ಖಂಡಿಸಿದವರಲ್ಲಿ ಹೆಚ್ಚಿನವರು ಎತ್ತಿದ ಪ್ರಶ್ನೆ ಒಂದೇ: ಕೋಟಿಗಟ್ಟಲೆ ಆಸ್ತಿಯುಳ್ಳವನಿಗೆ ಬಡವನ ಕಷ್ಟ ಹೇಗೆ ತಿಳಿದೀತು? ಈ ಪ್ರಶ್ನೆ ಕೇಳಲು ಸುಲಭ, ಕೇಳಿದವನಿಗೆ ಸಮಾಧಾನವನ್ನೂ ಕೊಡುತ್ತದೆ. ಆದರೆ ಅದು ಸರಿಯಾದ ಪ್ರಶ್ನೆಯೇ ಎಂಬ ಬಗ್ಗೆ ನನಗೆ ಸಂದೇಹವಿದೆ. ನಮ್ಮಂತಹ ವ್ಯಾಪಾರಸ್ಥ ಕುಟುಂಬಗಳು ಓದುವ ಈ ಪತ್ರಿಕೆಯಲ್ಲಿ ಅದನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇನೆ.

ಮೊದಲು ಅಂಕಿಗಳನ್ನು ನೋಡೋಣ. ಚುನಾವಣಾ ಅಭ್ಯರ್ಥಿಗಳು ತಮ್ಮ ಆಸ್ತಿ ಮತ್ತು ಸಾಲವನ್ನು ಪ್ರಮಾಣಪತ್ರದ ಮೂಲಕ ಬಹಿರಂಗಪಡಿಸಬೇಕೆಂಬ ನಿಯಮವು ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳಿಂದ ಬಂದದ್ದು. ಆ ಪ್ರಮಾಣಪತ್ರಗಳನ್ನು ಪರಿಶೀಲಿಸಿದ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಕರ್ನಾಟಕ ವಿಧಾನಸಭೆಗೆ ಗೆದ್ದುಬಂದ 223 ಜನರಲ್ಲಿ 217 ಜನ ಕೋಟ್ಯಧೀಶರು. ಒಬ್ಬರ ಆಸ್ತಿಯಂತೂ 1,400 ಕೋಟಿಯನ್ನು ಮೀರಿತ್ತು. ಸಂಪತ್ತೇ ಅಜ್ಞಾನಕ್ಕೆ ಕಾರಣವಾಗುವುದಾದರೆ ಸಭೆಯಲ್ಲಿ ಅರಿವುಳ್ಳವರು ಆರೇ ಜನರೆಂದು ಹೇಳಬೇಕಾದೀತು. ಅಷ್ಟೇ ಅಲ್ಲ, ಬಡವನೇ ಆಗಿ ಆರಿಸಿಬಂದವನು ಬಡವರ ಪರ ನಿಂತೇ ನಿಲ್ಲುವನೆಂಬ ಭರವಸೆಯೂ ನಮಗೆ ಅನುಭವದಿಂದ ದೊರೆತಿಲ್ಲ.

ಇನ್ನು ಪಾಟೀಲರ ವಿಷಯ. ಅವರು ರೈತರ ಸಾಲದ ಬಗ್ಗೆ ಏನೂ ತಿಳಿಯದವರಲ್ಲ. ವಿಜಯಪುರ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಅಧ್ಯಕ್ಷ ಸ್ಥಾನದಲ್ಲಿ ದೀರ್ಘಕಾಲ ಇದ್ದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳ ಹಳ್ಳಿಹಳ್ಳಿಗಳ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಹಣ ಹರಿದು ಬರುವುದು ಆ ಬ್ಯಾಂಕಿನ ಮೂಲಕವೇ. ಯಾವ ಸಂಘದಲ್ಲಿ ವಸೂಲಿ ಎಷ್ಟು, ಬಾಕಿ ಎಷ್ಟು ಎಂಬ ತಖ್ತೆ ಅವರ ಮೇಜಿನ ಮೇಲೆ ಬರುತ್ತಿದ್ದಿರಬೇಕು. ಹೀಗಿರಲು ‘ಶ್ರೀಮಂತನಿಗೆ ಏನು ತಿಳಿದೀತು’ ಎಂಬ ಟೀಕೆ ಇಲ್ಲಿ ಗುರಿ ತಪ್ಪುತ್ತದೆ. ತಿಳಿದವರೇ ಆಡಿದ ಮಾತಿದು. ಆದ್ದರಿಂದಲೇ ಹೆಚ್ಚು ವಿಚಾರಾರ್ಹವಾದದ್ದು.

ಸಾಲ ಕೊಡುವವನ ಗಾದಿಯ ಮೇಲೆ ಕುಳಿತು ನೋಡಿದರೆ ಆ ಮಾತಿನಲ್ಲಿ ಒಂದು ಅಂಶದ ಸತ್ಯ ಕಾಣುತ್ತದೆ. ಮನ್ನಾದ ಸುದ್ದಿ ಹಬ್ಬಿತೆಂದರೆ ಸಂಘಗಳ ವಸೂಲಿ ನಿಂತುಬಿಡುತ್ತದೆ. ಕಟ್ಟುವ ಶಕ್ತಿಯುಳ್ಳವನೂ ತಡೆಯುತ್ತಾನೆ. ಪ್ರಾಮಾಣಿಕವಾಗಿ ಕಟ್ಟಿದವನು ಮೂರ್ಖನೆನಿಸಿಕೊಳ್ಳುತ್ತಾನೆ. ಇದನ್ನು ಸಹಕಾರ ಕ್ಷೇತ್ರದಲ್ಲಿರುವ ಯಾರೂ ಅಲ್ಲಗಳೆಯಲಾರರು. ಪಾಟೀಲರು ಇಷ್ಟನ್ನೇ ಹೇಳಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಮನ್ನಾ ಬಂದಾಗ ಅದರ ಲಾಭ ಪಡೆಯುವುದು ಬೇರೆ, ಮನ್ನಾಕ್ಕಾಗಿ ಬರವನ್ನು ಬಯಸುವುದು ಬೇರೆ. ಮೊದಲನೆಯದು ನಡತೆ, ಕಣ್ಣಿಗೆ ಕಾಣುವಂಥದು. ಎರಡನೆಯದು ಮನಸ್ಸಿನೊಳಗಿನ ಭಾವ. ಅದನ್ನು ಪರರ ಮೇಲೆ ಹೊರಿಸುವ ಮೊದಲು ಲೆಕ್ಕವನ್ನಾದರೂ ಹಾಕಿ ನೋಡಬೇಕಿತ್ತು.

ಆ ಲೆಕ್ಕವನ್ನು ಇಲ್ಲಿ ಹಾಕೋಣ. 2017ರಲ್ಲಿ ರಾಜ್ಯ ಸರಕಾರ ಸಹಕಾರ ಸಂಸ್ಥೆಗಳಲ್ಲಿನ 50,000 ರೂಪಾಯಿವರೆಗಿನ ಬೆಳೆಸಾಲವನ್ನು ಮನ್ನಾ ಮಾಡಿತು. 2018ರಲ್ಲಿ ಮತ್ತೊಂದು ಸರಕಾರ ಸಹಕಾರ ಸಾಲದಲ್ಲಿ 1 ಲಕ್ಷ, ಬ್ಯಾಂಕುಗಳ ಬೆಳೆಸಾಲದಲ್ಲಿ 2 ಲಕ್ಷದವರೆಗೆ ಮನ್ನಾ ಘೋಷಿಸಿತು; ಅದು ಬರದ ಫಲವಲ್ಲ, ಚುನಾವಣೆಯ ಆಶ್ವಾಸನೆಯ ಫಲ. ಆದರೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ಮನ್ನಾ ಬರಲಿಲ್ಲ. ಅಸಲು ಕಟ್ಟಿದವರಿಗೆ ಸಹಕಾರ ಸಂಘಗಳ ಮಧ್ಯಮಾವಧಿ, ದೀರ್ಘಾವಧಿ ಸಾಲದ ಬಡ್ಡಿ ಬಿಡುವುದಾಗಿ ಮಾತ್ರ ಆ ಡಿಸೆಂಬರಿನಲ್ಲಿ ಹೇಳಲಾಯಿತು. ಬೆಳೆ ಹೋದ ವರ್ಷ ಅಸಲನ್ನು ಎಲ್ಲಿಂದ ತರಬೇಕು ಎಂಬುದು ಬೇರೆ ಮಾತು. ಅಂದರೆ ಮನ್ನಾವು ಮಳೆಯ ಲೆಕ್ಕವನ್ನು ಅನುಸರಿಸಿ ಬರುವುದಿಲ್ಲ, ಮತದ ಲೆಕ್ಕವನ್ನು ಅನುಸರಿಸಿ ಬರುತ್ತದೆ. ಮನ್ನಾ ಬೇಕಾದ ರೈತ ಬರವನ್ನಲ್ಲ, ಚುನಾವಣೆಯನ್ನು ಬಯಸುವುದು ಜಾಣತನ!

ಎರಡನೆಯ ಸಂಗತಿ ಇದಕ್ಕಿಂತ ಮುಖ್ಯವಾದದ್ದು. 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಕರ್ನಾಟಕದ ಕೃಷಿ ಕುಟುಂಬಗಳಲ್ಲಿ ಮೂರರಲ್ಲಿ ಎರಡಕ್ಕೆ ಸಾಲವಿತ್ತು. ಸರಾಸರಿ ಬಾಕಿ 1 ಲಕ್ಷ 26 ಸಾವಿರ. ದೇಶದ ಮಟ್ಟದಲ್ಲಿ ಕೃಷಿಕರ ಸಾಲದ ಮೊತ್ತದಲ್ಲಿ ನೂರಕ್ಕೆ 70ರಷ್ಟು ಮಾತ್ರ ಬ್ಯಾಂಕು, ಸಹಕಾರ ಸಂಘ ಮುಂತಾದ ಸಂಸ್ಥೆಗಳದು. ಉಳಿದ 30 ಎಲ್ಲಿಯದು? ಅದು ದಲಾಲಿ ಅಂಗಡಿಯ ಮುಂಗಡ, ಬೀಜ ಗೊಬ್ಬರದಂಗಡಿಯ ಉದ್ರಿ, ಕಿರಾಣಿಯ ಉದ್ರಿ, ಕೈಗಡ. ಮೇಲೆ ಹೇಳಿದ ಬೆಳೆಸಾಲ ಮನ್ನಾದ ಆದೇಶಗಳು ಈ ಪುಟವನ್ನು ಮುಟ್ಟಲಿಲ್ಲ. ನಾನು ನಾಲ್ಕು ದಶಕ ಕಿರ್ದಿ ಖತಾವಣಿ ಬರೆದವನು. ಬರ ಬಂದ ವರ್ಷ ರೈತನ ಖಾತೆಯಲ್ಲಿ ಏನಾಗುತ್ತದೆ ಎಂಬುದನ್ನು ನಮ್ಮ ವೃತ್ತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನಲ್ಲಿ ತೊಗರಿಗೆಂದು ಒಯ್ದ ಬೀಜ ಗೊಬ್ಬರದ ಬಾಕಿ ಜನವರಿಯ ರಾಶಿಗೆ ತೀರಬೇಕು. ತೊಗರಿ ಒಣಗಿದರೆ ಆ ಬಾಕಿಯನ್ನು ಹಿಂಗಾರಿಯ ಬಿಳಿಜೋಳದ ಮೇಲೆ ಹಾಕುತ್ತಾರೆ. ಎರೆಯಲ್ಲಿ ಹಸಿ ಸಾಲದೆ ಜೋಳವೂ ಕೈಕೊಟ್ಟರೆ ಮೇವು ಸಹ ಇಲ್ಲ. ಆಗ ಮೊದಲು ಹೋಗುವುದು ಎತ್ತು, ಅದೂ ಸಂತೆಯಲ್ಲಿ ಎಲ್ಲರೂ ಮಾರಲು ಬಂದಿರುವುದರಿಂದ ಅರ್ಧ ಬೆಲೆಗೆ. ಆಮೇಲೆ ಹೆಂಗಸರ ಮೈಮೇಲಿನ ಬಂಗಾರ ಗಿರವಿಗೆ. ಆಮೇಲೆ ಮನೆಗೆ ಕೀಲಿ ಹಾಕಿ ಮಹಾರಾಷ್ಟ್ರ, ಗೋವೆ, ಬೆಂಗಳೂರುಗಳ ಕಡೆಗೆ ಗುಳೆ. ಇಂಡಿ ಭಾಗದ ನಿಂಬೆ ತೋಟದವನ ಕಥೆ ಇನ್ನೂ ಕಠಿಣ. ಜೋಳ ಹೋದರೆ ಒಂದು ವರ್ಷ ಹೋಯಿತು. ನೀರಿಲ್ಲದೆ ಗಿಡವೇ ಒಣಗಿದರೆ ಸಾಕಿ ಬೆಳೆಸಿದ ಅಷ್ಟೂ ವರ್ಷಗಳು ಹೋದವು. ಇಷ್ಟನ್ನೆಲ್ಲ ಕಳೆದುಕೊಂಡು 50,000 ರೂಪಾಯಿಯ ಮನ್ನಾವನ್ನು ಬಯಸುವ ಮನುಷ್ಯನನ್ನು ನಾನಂತೂ ಈ ನಾಲ್ಕು ತಾಲ್ಲೂಕುಗಳಲ್ಲಿ ಕಂಡಿಲ್ಲ.

ಪುಕ್ಕಟೆ ವಿದ್ಯುತ್ತಿನ ಮಾತಿಗೂ ಒಂದು ಟಿಪ್ಪಣಿ ಬೇಕು. ಪಂಪ್‌ಸೆಟ್ಟಿಗೆ ವಿದ್ಯುತ್ತು ಉಚಿತ ನಿಜ. ಅದೇ 2023ರ ಅಕ್ಟೋಬರಿನಲ್ಲಿ ಅದು ಏಳು ತಾಸಿನಿಂದ ಐದು ತಾಸಿಗೆ ಇಳಿದಿತ್ತು. ಬಾವಿಯಲ್ಲಿ ನೀರಿಲ್ಲದವನಿಗೆ, ಕಾಲುವೆಯ ಕೊನೆಯಂಚಿನವನಿಗೆ ಉಚಿತವೆಂಬ ಶಬ್ದದಿಂದ ಪೈರು ಬೆಳೆಯುವುದಿಲ್ಲ.

ಹಾಗಾದರೆ ತಿಳಿದವರ ದೃಷ್ಟಿ ಎಲ್ಲಿ ತಪ್ಪಿತು? ಬ್ಯಾಂಕಿನ ತಖ್ತೆಯಲ್ಲಿ ರೈತನ ಖಾತೆಯ ಒಂದೇ ಪುಟ ಇರುತ್ತದೆ: ಸಾಲ, ಬಾಕಿ, ಬಡ್ಡಿ. ಎತ್ತು ಮಾರಿದ್ದು ಆ ಪುಟದಲ್ಲಿ ಬರುವುದಿಲ್ಲ. ಹಾಗೆ ನೋಡಿದರೆ ‘ಸಾಲ’ ಎಂಬ ಶಬ್ದಕ್ಕೇ ಎರಡು ಅರ್ಥಗಳಿವೆ. ಅಭ್ಯರ್ಥಿಗಳ ಪ್ರಮಾಣಪತ್ರಗಳಲ್ಲಿಯೂ ಸಾಲದ ಕಲಮಿದೆ, ಎಷ್ಟೋ ಸಲ ಆ ಕಲಮಿನಲ್ಲಿ ಕೋಟಿಗಳೇ ಇರುತ್ತವೆ. ಆದರೆ ಉದ್ಯಮಿಯ ಸಾಲ ಆಸ್ತಿಯನ್ನು ಬೆಳೆಸಲು ತಂದದ್ದು, ಅದರ ಎದುರಿನ ಬಾಜುವಿನಲ್ಲಿ ಕಟ್ಟಡವೋ ಯಂತ್ರವೋ ನಿಂತಿರುತ್ತದೆ. ಒಣಬೇಸಾಯದವನ ಸಾಲದ ಎದುರಿಗೆ ನಿಂತಿರುವುದು ಮಳೆ. ಮೊದಲನೆಯ ಬಗೆಯ ಸಾಲದಲ್ಲಿಯೇ ಬಾಳಿದವನು ಎರಡನೆಯದನ್ನೂ ಅದೇ ಕಣ್ಣಿನಿಂದ ನೋಡುವುದು ಸಹಜ.

ಈ ಜಿಲ್ಲೆಗೆ ಇಂತಹ ನೋಟದ ಅನುಭವ ಹಳೆಯದು. 1876-78ರ ಮಹಾಕ್ಷಾಮದಲ್ಲಿ, ಇದು ಆಗ ಕಲಾದಗಿ ಜಿಲ್ಲೆ, ಮುಂಬಯಿ ಪ್ರಾಂತದಲ್ಲಿ ಅತಿ ಹೆಚ್ಚು ನರಳಿದ ಭಾಗಗಳಲ್ಲಿ ಒಂದಾಗಿತ್ತು. 1872ರಲ್ಲಿ ಸುಮಾರು 8 ಲಕ್ಷ 16 ಸಾವಿರವಿದ್ದ ಜನಸಂಖ್ಯೆ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. 1877ರ ಜನವರಿಯಲ್ಲಿ, ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ಮುಗಿದ ಬೆನ್ನಿಗೇ, ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕ್ಷಾಮದ ಖರ್ಚು ಕಡಿಮೆ ಮಾಡಲು ದಕ್ಷಿಣಕ್ಕೆ ಕಳಿಸಲಾಯಿತು. ದಿನವಿಡೀ ಕಲ್ಲು ಒಡೆಯುವ ಕೂಲಿಗೆ ಒಂದು ಪೌಂಡು ಧಾನ್ಯ, ಜೊತೆಗೆ ಅಲ್ಪ ಹಣ, ಇಷ್ಟು ಸಾಕೆಂಬುದು ಅವನ ನಿರ್ಣಯ. ಇತಿಹಾಸದಲ್ಲಿ ಅದು ‘ಟೆಂಪಲ್ ಕೂಲಿ’ ಎಂದೇ ಉಳಿದಿದೆ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು.

ಟೆಂಪಲ್‌ನನ್ನು ಹೊಟ್ಟೆತುಂಬಿದ ಅಜ್ಞಾನಿಯೆಂದು ತಳ್ಳಿಹಾಕುವಂತಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಮೂರು ವರ್ಷ ಮೊದಲು ಬಿಹಾರದ ಕ್ಷಾಮದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಲಕ್ಷಾಂತರ ಜನರನ್ನು ಬದುಕಿಸಿದವನು ಇದೇ ಟೆಂಪಲ್. ಆಗ ಅವನಿಗೆ ದೊರೆತದ್ದು ದುಂದುಗಾರನೆಂಬ ನಿಂದೆ. ಆ ನಿಂದೆಯನ್ನು ತೊಳೆದುಕೊಳ್ಳಲು ಎರಡನೆಯ ಸಲ ಅವನು ಧಾನ್ಯವನ್ನು ತೂಗಿ ಕೊಟ್ಟ. ಅದೇ ವರ್ಷ ಮುಂಬಯಿಯ ಗವರ್ನರನೂ ಆದ. ಅವನ ಸಂಪತ್ತು ಎರಡೂ ಸಲ ಒಂದೇ ತೆರನಾಗಿತ್ತು, ಅರಿವೂ ಒಂದೇ. ಬದಲಾದದ್ದು ಯಾರಿಗೆ ಲೆಕ್ಕ ಒಪ್ಪಿಸಬೇಕೆಂಬುದು. ಉಮಾಸ್ವಾಮಿಗಳು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನ ನಿರೋಧವನ್ನು ಎಣಿಸಿದ್ದಾರೆ. ಕೈಯೆತ್ತಿ ಹೊಡೆಯದೆಯೂ ಹಿಂಸೆ ನಡೆಯುವ ಬಗೆಯನ್ನು ಅರಿಯಲು ಕಲಾದಗಿಯ ಜನಗಣತಿಗಿಂತ ಬೇರೆ ಭಾಷ್ಯ ಬೇಕಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಶ್ರಾವಕ ಪರಂಪರೆಯಲ್ಲಿಯೇ ಇದೆ. ಹದಿಮೂರನೆಯ ಶತಮಾನದಲ್ಲಿ ಕಚ್ಛದ ಭದ್ರೇಶ್ವರದ ಜಗಡು ಶಾಹನು ಬರ ಬರುವುದಕ್ಕೆ ಮುಂಚೆಯೇ ಧಾನ್ಯ ಸಂಗ್ರಹಿಸಿ ಬರದ ವರ್ಷಗಳಲ್ಲಿ ಹಂಚಿದನೆಂದು ಸರ್ವಾನಂದ ಸೂರಿಯ ‘ಜಗಡುಚರಿತ’ ಹೇಳುತ್ತದೆ. ಅವನು ಬಡವನಾಗಿರಲಿಲ್ಲ, ಹಡಗುಗಳ ಒಡೆಯ. ಬಡವರ ಕಷ್ಟವನ್ನು ಅವನು ಅನುಭವಿಸಿ ತಿಳಿದವನಲ್ಲ. ಆದರೆ ಕಣಜ ತುಂಬಿದ ದಿನವೇ ಅದು ಯಾರದೆಂದು ಅವನು ನಿಶ್ಚಯಿಸಿಕೊಂಡಿದ್ದ. ಅದೇ ಧಾನ್ಯವನ್ನು ಬೆಲೆಯೇರಲೆಂದು ಕೂಡಿಟ್ಟ ವ್ಯಾಪಾರಿಗಳೂ ಆ ಕಾಲದಲ್ಲಿ ಇದ್ದೇ ಇದ್ದಿರಬೇಕು. ಮಾರುಕಟ್ಟೆಯ ಅರಿವಿನಲ್ಲಿ ಅವರು ಅವನಿಗಿಂತ ಕಡಿಮೆಯವರೇನಾಗಿರಲಿಲ್ಲ.

ಈಗ ಹಾವೇರಿಯ ಮಾತಿಗೆ ಬರೋಣ. ಇದನ್ನು ನಾನು ಸುಟ್ಟಟ್ಟಿಯ ಮಾತಿಗಿಂತ ಗಂಭೀರವೆಂದು ಎಣಿಸುತ್ತೇನೆ. ಪರಿಹಾರದ ಅರ್ಜಿಗಳಲ್ಲಿ ಕೆಲವು ಸುಳ್ಳಿರಬಹುದು, ಪರಿಶೀಲನೆ ಬೇಕು, ವರದಿ ಬರುವವರೆಗೆ ತೀರ್ಮಾನಿಸಬಾರದು. ಇಷ್ಟರಮಟ್ಟಿಗೆ ಸಚಿವರ ಪಕ್ಷವನ್ನು ಒಪ್ಪಬಹುದು. ಆದರೆ ಪರಿಶೀಲನೆಗೆ ಸಮಿತಿ ಇದೆ, ಕಾಗದಪತ್ರಗಳಿವೆ. ಸಾರ್ವಜನಿಕವಾಗಿ ಆಡಿದ ಮಾತು ಸಮಿತಿಗೆ ಹೋಗುವುದಿಲ್ಲ, ಗಂಡನನ್ನು ಕಳೆದುಕೊಂಡ ಹೆಂಗಸಿನ ಓಣಿಗೆ ಹೋಗುತ್ತದೆ. ಐದು ಲಕ್ಷದಲ್ಲಿ ಸಾಲಗಾರರು ಪಾಲು ಕೇಳಲು ಮನೆಗೆ ಬಂದಾಗ, ನೆರೆಯವರ ಬಾಯಲ್ಲಿ ಅದೇ ಮಾತು ಇರುತ್ತದೆ. ತನ್ನವನ ಸಾವು ನಿಜವೆಂದು ಅವಳು ಮೊದಲು ಊರಿಗೆ ಒಪ್ಪಿಸಬೇಕು, ಆಮೇಲೆ ಕಚೇರಿಗೆ.

ಇಂತಹ ಮಾತುಗಳು ರಾಜಕಾರಣಿಗಳ ಬಾಯಿಂದ ಮಾತ್ರ ಬರುತ್ತವೆಂದು ಭಾವಿಸಬೇಕಾಗಿಲ್ಲ. ನಮ್ಮ ಪೇಟೆಗಳ ಕಟ್ಟೆಗಳ ಮೇಲೆ, ಬಸದಿಯ ಜಗಲಿಯ ಮೇಲೆ ಸಹ ‘ರೈತರು ಮನ್ನಾಕ್ಕೆ ಹೊಂಚು ಹಾಕಿದ್ದಾರೆ’ ಎಂಬುದು ಸಾಮಾನ್ಯ ಸಂಭಾಷಣೆ. ಸಚಿವರು ಧ್ವನಿವರ್ಧಕದ ಮುಂದೆ ಆಡಿದರು, ಅಷ್ಟೇ ವ್ಯತ್ಯಾಸ. ಸಮಂತಭದ್ರಾಚಾರ್ಯರು ಪರಿಗ್ರಹ ಪರಿಮಾಣ ವ್ರತಕ್ಕೆ ಹೇಳಿದ ಅತಿಚಾರಗಳಲ್ಲಿ ಅತಿವಿಸ್ಮಯ ಎಂಬುದೊಂದು. ಪರರ ವೈಭವಕ್ಕೆ ಬೆರಗಾಗುವುದು ಅದರ ಒಂದು ಮುಖವೆಂದು ತಿಳಿಯುತ್ತೇನೆ. ಪಂಚಕಲ್ಯಾಣದ ಸವಾಲಿನಲ್ಲಿ ಹೆಚ್ಚು ಕೂಗಿದವರನ್ನೂ ಚುನಾವಣೆಯಲ್ಲಿ ಹೆಚ್ಚು ಹಂಚಿದವರನ್ನೂ ನಾವು ಒಂದೇ ಶಾಲು ಹೊದಿಸಿ ವೇದಿಕೆಯ ನಡುವೆ ಕೂರಿಸುತ್ತೇವೆ. ಕೂರಿಸಿದ ಮೇಲೆ ಅವರು ಕೆಳಗಿನವರ ಬಗ್ಗೆ ಏನು ಹೇಳಿದರೂ ಚಪ್ಪಾಳೆಯೇ.

ಆದ್ದರಿಂದ ಅಭ್ಯರ್ಥಿ ಎಷ್ಟು ಕೋಟಿಯವನೆಂಬ ಕುತೂಹಲವನ್ನು ಬಿಟ್ಟು ಬೇರೆ ಕೆಲವನ್ನು ಕೇಳಬಹುದೆಂದು ನನಗೆ ತೋರುತ್ತದೆ. 2023ರ ಬರಕ್ಕೆ ಕರ್ನಾಟಕ ಕೇಳಿದ್ದು 18,171 ಕೋಟಿ. ಕೇಂದ್ರದಿಂದ, ಅದೂ ಸರ್ವೋಚ್ಚ ನ್ಯಾಯಾಲಯದ ಬಾಗಿಲು ಬಡಿದ ಮೇಲೆ, 2024ರ ಏಪ್ರಿಲಿನಲ್ಲಿ ಬಂದದ್ದು 3,454 ಕೋಟಿ. ಅದಕ್ಕೂ ಮೊದಲು, ಜನವರಿಯಲ್ಲಿ ರಾಜ್ಯ ಕೊಟ್ಟ ಮೊದಲ ಕಂತು ರೈತನಿಗೆ 2,000 ರೂಪಾಯಿವರೆಗೆ. 2022-23ರಿಂದ 2025-26ರ ಅವಧಿಗೆ ನಿಗದಿಯಾದ ಕೇಂದ್ರದ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡೇ ಹೆಕ್ಟೇರಿಗೆ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,440. ಈ ಹಣದಲ್ಲಿ ಒಂದೆಕರೆಗೆ ಉಳುಮೆ, ಬೀಜ, ಗೊಬ್ಬರ, ಕಳೆ ತೆಗೆಸುವ ಕೂಲಿ ಇವುಗಳಲ್ಲಿ ಯಾವುದು ಎಷ್ಟು ಆಗುತ್ತದೆಂದು ಇಂಡಿಯಲ್ಲೋ ಸಿಂದಗಿಯಲ್ಲೋ ಮತ ಕೇಳಲು ಬಂದವರನ್ನು ಕೇಳಿ ನೋಡಬೇಕು. ಉತ್ತರ ಬಲ್ಲವರು ಕೋಟ್ಯಧೀಶರೇ ಆಗಿರಲಿ, ಚಿಂತೆಯಿಲ್ಲ. ನಮ್ಮ ಬಸದಿಗಳ ಟ್ರಸ್ಟುಗಳು ಬರದ ವರ್ಷ ತಮ್ಮ ಹೊಲಗಳ ಲಾವಣಿಯನ್ನು ಎಷ್ಟು ಬಿಟ್ಟವೆಂಬುದನ್ನೂ ಅದೇ ಉಸಿರಿನಲ್ಲಿ ಕೇಳಬೇಕಾಗುತ್ತದೆ. ವಾರ್ಷಿಕ ಸಭೆಗೆ ಒಪ್ಪಿಸುವ ಜಮಾಖರ್ಚಿನಲ್ಲಿ ಅದಕ್ಕೊಂದು ಕಲಮನ್ನು ಸೇರಿಸಲು ಯಾವ ಕಾಯಿದೆಯೂ ಅಡ್ಡಿ ಬರುವುದಿಲ್ಲ.